ದಿಬ್ರುಗಢದಲ್ಲಿ ಈಗೆಷ್ಟು ಗಂಟೆ?

ನಮ್ಮ ಮನೆಯಲ್ಲಿ ಅಮೆರಿಕಕ್ಕೆ ಫೋನ್ ಮಾಡುವುದೆಂದರೆ ಮುಹೂರ್ತ ನೋಡಿದ ಹಾಗೆ. ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನಿಗೆ ಕರೆ ಮಾಡುವ ಮೊದಲು ಅಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ: ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಚಳಿಗಾಲವಾದರೆ ಬೆಳಿಗ್ಗೆ ಹತ್ತು, ಬೇಸಿಗೆಯಾದರೆ ಹನ್ನೊಂದು, ಆಫೀಸಿನಲ್ಲಿರುತ್ತಾನೆ, ಈಗ ಬೇಡ. ಮಾರ್ಚ್ ಬಂತೆಂದರೆ "ಅಲ್ಲಿಯವರು ಗಡಿಯಾರ ತಿರುಗಿಸಿ ಆಯ್ತಾ?" ಎಂಬ ವಿಚಾರಣೆ ಬೇರೆ. ಅದೇ ಅಮ್ಮ ರಾತ್ರಿ ಒಂಬತ್ತೂವರೆಗೆ ಮುಂಬಯಿಯ ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ದೀಪ ಆರಿಸಿ, ಹಾಲ್‌ನಲ್ಲಿ ಕಾಲು ಚಾಚಿ ಕೂತು, ಯಾವ ಲೆಕ್ಕವನ್ನೂ ಹಾಕದೆ ಅಸ್ಸಾಮಿನ ದಿಬ್ರುಗಢದಲ್ಲಿರುವ ನನ್ನ ತಂಗಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ನಿದ್ದೆ ಹರಿಯದ ದನಿ. "ಮಲಗಿದ್ದಿಯಾ? ಇಷ್ಟು ಬೇಗ ಎಂತ ನಿದ್ದೆ ಮಾರಾಯ್ತಿ, ಹುಷಾರಿಲ್ವಾ?" ಅಲ್ಲಿಂದ ಮುಂದೆ ಹತ್ತು ನಿಮಿಷ ತಂಗಿಯ ಆರೋಗ್ಯದ ವಿಚಾರಣೆ.

ಅವಳಿಗೆ ಹುಷಾರಾಗಿಯೇ ಇರುತ್ತದೆ. ಅವಳ ಊರಿನಲ್ಲಿ ಕತ್ತಲಾಗಿ ಬಹಳ ಹೊತ್ತಾಗಿರುತ್ತದೆ, ಅಷ್ಟೇ. ಆದರೆ ಇದನ್ನು ಅವಳು ಹೇಳುವುದು ಹೇಗೆ? ನ್ಯೂಜೆರ್ಸಿಯವನು "ಇಲ್ಲಿ ಮಧ್ಯರಾತ್ರಿ ಅಜ್ಜಿ" ಅಂದರೆ ಅಜ್ಜಿ ತಕ್ಷಣ ಫೋನ್ ಇಡುತ್ತಾರೆ. ತಂಗಿ ಹಾಗೆ ಹೇಳುವಂತಿಲ್ಲ. ಅವಳ ಫೋನಿನಲ್ಲೂ ಒಂಬತ್ತೂವರೆ, ನಮ್ಮ ಫೋನಿನಲ್ಲೂ ಒಂಬತ್ತೂವರೆ. ಗಡಿಯಾರ ಬೇರೆಯಾದವರ ಬಗ್ಗೆ ನಮಗೆ ತಾನಾಗಿ ಹುಟ್ಟುವ ದಾಕ್ಷಿಣ್ಯ, ಗಡಿಯಾರ ಒಂದೇ ಆದವರ ಬಗ್ಗೆ ಹುಟ್ಟುವುದೇ ಇಲ್ಲ. ಅಮ್ಮನೊಬ್ಬರ ವಿಷಯವಲ್ಲ ಇದು. ತಂಗಿ ಅಲ್ಲೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದಿಲ್ಲಿಯಿಂದಲೋ ಮುಂಬಯಿಯಿಂದಲೋ ನಡೆಯುವ ಆನ್‌ಲೈನ್ ತರಬೇತಿಗಳೆಲ್ಲ ಅವಳಿಗೆ ಸಂಜೆ ಐದಕ್ಕೆ. "ಕೆಲಸ ಮುಗಿಸಿ ಆರಾಮಾಗಿ ಸೇರಿಕೊಳ್ಳಿ" ಎಂದು ಕರೆಯುವವರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ಡಿಸೆಂಬರಿನ ದಿಬ್ರುಗಢದಲ್ಲಿ ಆ ಹೊತ್ತಿಗೆ ಹಕ್ಕಿಗಳೂ ಗೂಡು ಸೇರಿರುತ್ತವೆ.

ಲೆಕ್ಕ ಸರಳ. ಮುಂಬಯಿ ಇರುವುದು ಸುಮಾರು 73 ಡಿಗ್ರಿ ಪೂರ್ವ ರೇಖಾಂಶದಲ್ಲಿ, ದಿಬ್ರುಗಢ ಸುಮಾರು 95ರಲ್ಲಿ. ಸೂರ್ಯನಿಗೆ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ ಬೇಕು; ಇಪ್ಪತ್ತೆರಡು ಡಿಗ್ರಿ ದಾಟಲು ಹತ್ತಿರ ಹತ್ತಿರ ಒಂದೂವರೆ ಗಂಟೆ. ಇಬ್ಬರ ಗಡಿಯಾರಕ್ಕೂ ಯಜಮಾನ ಮಾತ್ರ ಒಬ್ಬನೇ, ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿಯ ಗೆರೆ. ನಾವು ಅದರಿಂದ ಪಡುವಣಕ್ಕೆ ದೂರ, ಅವರು ಮೂಡಣಕ್ಕೆ ಇನ್ನೂ ದೂರ. ಜೂನ್ ತಿಂಗಳಲ್ಲಿ ದಿಬ್ರುಗಢದಲ್ಲಿ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಹುಟ್ಟಿದರೆ ನಮ್ಮಲ್ಲಿ ಆರಕ್ಕೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆ ಮೊದಲೇ ಮುಳುಗಿರುತ್ತಾನೆ. ನಮ್ಮಲ್ಲಿ ಆರು ದಾಟಬೇಕು. ಅಂದರೆ ಅಮ್ಮ ಫೋನ್ ಮಾಡುವ ಹೊತ್ತಿಗೆ ತಂಗಿ ಕತ್ತಲಲ್ಲಿ ಐದು ಗಂಟೆ ಕಳೆದಿರುತ್ತಾಳೆ. ಇನ್ನೂ ತಮಾಷೆ ಬೇಕೆಂದರೆ ನಕಾಶೆ ತೆಗೆದು ನೋಡಿ. ದಿಬ್ರುಗಢ ಇಡೀ ಬಾಂಗ್ಲಾದೇಶಕ್ಕಿಂತ ಪೂರ್ವಕ್ಕಿದೆ, ಆದರೆ ಬಾಂಗ್ಲಾದೇಶದ ಗಡಿಯಾರ ಭಾರತದ್ದಕ್ಕಿಂತ ಅರ್ಧ ಗಂಟೆ ಮುಂದೆ. ಅಲ್ಲಿಂದ ಪಶ್ಚಿಮಕ್ಕೆ ಢಾಕಾಗೆ ಹೋದವರು, ಸೂರ್ಯನ ದಾರಿಯಲ್ಲೇ ಹೋಗುತ್ತಾ, ಕೈಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಗೇಟಿನ ಒಳಗೊಂದು, ಹೊರಗೊಂದು

ತಂಗಿಯ ಗಂಡ ಚಹಾ ತೋಟದ ಆಸ್ಪತ್ರೆಯಲ್ಲಿ ಡಾಕ್ಟರ್. ಪುತ್ತೂರು ಕಡೆಯ ಹುಡುಗ ಅಸ್ಸಾಮಿನ ತೋಟಕ್ಕೆ ಹೇಗೆ ಹೋಗಿ ಸೇರಿದ ಎಂಬುದು ಇನ್ನೊಂದು ದೊಡ್ಡ ಕತೆ, ಇಲ್ಲಿ ಬೇಡ. ಹೇಳಬೇಕಾದ್ದು ಅವರ ಮನೆಯ ಗೋಡೆಯ ಬಗ್ಗೆ. ಹಾಲ್‌ನಲ್ಲಿ ಒಂದು ಗಡಿಯಾರ, ಅಡುಗೆಮನೆಯಲ್ಲಿ ಇನ್ನೊಂದು. ಎರಡಕ್ಕೂ ಸರಿಯಾಗಿ ಒಂದು ಗಂಟೆಯ ವ್ಯತ್ಯಾಸ, ಮತ್ತು ಎರಡೂ ಸರಿಯೇ. ಹಾಲ್‌ನದ್ದು 'ಬಾಗಾನ್ ಟೈಮ್', ತೋಟದ ಸಮಯ. ಅಡುಗೆಮನೆಯದ್ದು ದೇಶದ ಸಮಯ. ಮಗುವಿನ ಶಾಲೆ, ಬ್ಯಾಂಕು, ಟಿವಿ, ರೈಲು ಎಲ್ಲ ಅದರ ಲೆಕ್ಕ.

ಬ್ರಿಟಿಷ್ ತೋಟಗಾರರು ಮಾಡಿಟ್ಟು ಹೋದ ಏರ್ಪಾಡು ಇದು, ಅಸ್ಸಾಮಿನ ಎಷ್ಟೋ ತೋಟಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಕಾರಣ ಅರ್ಥವಾಗಲು ತೋಟದಲ್ಲಿ ಒಂದು ದಿನ ನಿಂತರೆ ಸಾಕು. ಚಿಗುರು ಕೊಯ್ಯುವುದು ಬೆಳಕಿನ ಕೆಲಸ. ಕೊಯ್ದದ್ದನ್ನು ತೂಕ ಹಾಕಿ, ಫ್ಯಾಕ್ಟರಿಗೆ ಸಾಗಿಸಿ, ಬಾಡಿಸಲು ಹರಡಬೇಕು. ನಾಳೆ ನೋಡೋಣ ಎಂದು ಬುಟ್ಟಿಯಲ್ಲೇ ಬಿಡುವಂತಿಲ್ಲ. ನಾಲ್ಕೂಕಾಲಕ್ಕೆ ಬೆಳಗಾಗುವ ಊರಿನಲ್ಲಿ ಎಂಟು ಗಂಟೆಯವರೆಗೆ ಕಾಯುತ್ತಾ ಕೂತರೆ ದಿನದ ಅತ್ಯಂತ ತಂಪಾದ ಹೊತ್ತು ಹೋದ ಹಾಗೆಯೇ. ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟುಬಿಟ್ಟರೆ ಯಾರನ್ನೂ 'ಬೇಗ ಬಾ' ಎಂದು ಒತ್ತಾಯಿಸಬೇಕಾಗಿಲ್ಲ. ಎಂಟಕ್ಕೆ ಬಾ ಎಂದರೆ ಆಯಿತು. (ಇದರಲ್ಲಿ ಮಾಲೀಕನ ಜಾಣತನವೆಷ್ಟು, ಕಾರ್ಮಿಕನ ಅನುಕೂಲವೆಷ್ಟು ಎಂಬ ಪ್ರಶ್ನೆಯನ್ನು ನಾನು ತಂಗಿಯ ಗಂಡನಿಗೆ ಕೇಳಿದ್ದೆ. ಅವರು ನಕ್ಕು "ನಾನು ಬೀಪಿ ನೋಡುವವ" ಎಂದರು.) ರಾಜ್ಯ ಸರ್ಕಾರಗಳು ತೋಟದಂಥ ಪ್ರದೇಶಗಳಿಗೆ ಬೇರೆ ಸಮಯ ಗೊತ್ತುಪಡಿಸಲು 1951ರ ಪ್ಲಾಂಟೇಶನ್ಸ್ ಲೇಬರ್ ಆ್ಯಕ್ಟ್ ಅವಕಾಶ ಕೊಟ್ಟಿತ್ತು ಎಂದೂ ಹೇಳುತ್ತಾರೆ. ಆದರೆ ತೋಟದವರು ಕಾಯ್ದೆ ನೋಡಿಕೊಂಡು ಗಡಿಯಾರ ಇಟ್ಟವರಲ್ಲ.

ನನಗೆ ಮೋಜೆನಿಸಿದ್ದು ಗೇಟು. ತೋಟದಿಂದ ಪೇಟೆಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಹಾಲ್‌ನ ಗಡಿಯಾರದಲ್ಲಿ ಎಂಟಕ್ಕೆ ಹೊರಟರೆ ಪೇಟೆ ಮುಟ್ಟುವಾಗ ಏಳೂವರೆ. ವಾಪಸು ಬರುವಾಗ ಆ ಗಳಿಸಿದ ಗಂಟೆಯನ್ನು ಗೇಟಿನಲ್ಲಿ ಒಪ್ಪಿಸಿ ಒಳಗೆ ಬರಬೇಕು. ಯಾರಾದರೂ ಊಟಕ್ಕೆ ಕರೆದರೆ ಮೊದಲ ಪ್ರಶ್ನೆ "ಯಾವ ಟೈಮ್?" ಎಂದು. ನನ್ನ ತಂಗಿಯ ಮಗನಿಗೆ ಇದು ಏನೂ ವಿಶೇಷವಲ್ಲ. ಎರಡು ಭಾಷೆ ಆಡುವ ಮಕ್ಕಳು ಯಾರೊಂದಿಗೆ ಯಾವುದು ಎಂದು ಯೋಚಿಸುವುದಿಲ್ಲವಲ್ಲ, ಅವನೂ ಯೋಚಿಸುವುದಿಲ್ಲ. "ದೊಡ್ಡಮ್ಮ, ಅಪ್ಪನ ಆರು ಗಂಟೆಯೋ ಶಾಲೆಯ ಆರು ಗಂಟೆಯೋ?" ಎಂದು ಸರಾಗವಾಗಿ ಕೇಳುತ್ತಾನೆ.

ನಾನು ಬದುಕುವ ಊರಿನಲ್ಲಿ ಸೂರ್ಯನನ್ನು ಕೇಳುವವರೇ ಇಲ್ಲ. ಮುಲುಂಡ್ ಸ್ಟೇಷನ್ನಿನಲ್ಲಿ ರೈಲಿಗೆ ಹೆಸರಿರುವುದು ನಿಮಿಷದ ಲೆಕ್ಕದಲ್ಲಿ: ಎಂಟು ಹನ್ನೆರಡರ ಫಾಸ್ಟ್, ಎಂಟು ಇಪ್ಪತ್ತಾರರ ಸ್ಲೋ. ಆ ರೈಲಿನ ಹೆಂಗಸರ ಡಬ್ಬಿಯಲ್ಲಿ ವರ್ಷಗಟ್ಟಲೆ ಜೊತೆಗೆ ಪ್ರಯಾಣಿಸಿದವರನ್ನು ನಾನು ಗುರುತಿಸುವುದೂ ಹಾಗೆಯೇ, 'ಎಂಟು ಹನ್ನೆರಡರವರು' ಎಂದು. ಜನವರಿಯಲ್ಲಿ ಇಲ್ಲಿ ಬೆಳಗಾಗುವುದು ಏಳೂಕಾಲಕ್ಕೆ. ಡಬ್ಬಿ ಕಟ್ಟುವ ಹೊತ್ತಿಗೆ ಹೊರಗೆ ಕತ್ತಲೆ. ಅದರ ಬದಲಿಗೆ ಸಂಜೆ ಉದ್ದ, ರಾತ್ರಿ ಇನ್ನೂ ಉದ್ದ. ಮುಂಬಯಿ ಕನ್ನಡಿಗರ ಸಾರ್ವಜನಿಕ ಬದುಕೆಲ್ಲ ನಡೆದದ್ದು ಆ ರಾತ್ರಿಯಲ್ಲಿ. ಹೋಟೆಲಿನಲ್ಲಿ ಲೋಟ ತೊಳೆದು ಮುಗಿಸಿ ರಾತ್ರಿ ಶಾಲೆಗೆ ಹೋದ ಹುಡುಗರು ಎಷ್ಟೋ ಮಂದಿ. ಯಕ್ಷಗಾನ ಮಾತ್ರ ಇಲ್ಲಿಗೆ ಬಂದಾಗ ಗಡಿಯಾರಕ್ಕೆ ಸೋತಿತು. ಊರಿನಲ್ಲಿ ಬೆಳಗಿನವರೆಗೆ ನಡೆಯುವ ಆಟ ಇಲ್ಲಿಯ ಸಭಾಗೃಹದಲ್ಲಿ ಮೂರು-ನಾಲ್ಕು ಗಂಟೆಗೆ ಮುಗಿಯಬೇಕು, ಕೊನೆಯ ಲೋಕಲ್ ಯಾರಿಗೂ ಕಾಯುವುದಿಲ್ಲ. ಮಹಿಷಾಸುರನೂ ಬೇಗ ಸಾಯುತ್ತಾನೆ.

ಚಂದ್ರ ಬಂದಾಗ

ಒಂದು ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ದಿಬ್ರುಗಢಕ್ಕೆ ಹೋದೆ. ನೇರ ಗೆರೆ ಎಳೆದರೆ ಸುಮಾರು 2,400 ಕಿಲೋಮೀಟರ್. ಅಮ್ಮನ ಚೀಲದಲ್ಲಿ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಮತ್ತು ಗೋಡೆಯಿಂದ ಕಿತ್ತು ಮಡಚಿ ತಂದ ಕಾಲನಿರ್ಣಯ ಕ್ಯಾಲೆಂಡರ್. 1973ರಲ್ಲಿ ಜಯಂತರಾವ್ ಸಾಳಗಾಂವ್‌ಕರ್ ಶುರುಮಾಡಿದ ಈ ಕ್ಯಾಲೆಂಡರ್ ಇಲ್ಲದ ಮುಂಬಯಿ ಅಡುಗೆಮನೆ ಹುಡುಕುವುದು ಕಷ್ಟ. ನಮ್ಮಲ್ಲಿ ಕನ್ನಡದ್ದು ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲ ಅಮ್ಮನಿಗೆ ಅದರಲ್ಲೇ.

ಮೊದಲ ದಿನವೇ ಅಮ್ಮ ಗೊಂದಲಕ್ಕೆ ಬಿದ್ದರು. ಮಧ್ಯಾಹ್ನದ ಊಟ ಮಾಡಿ ಒಂದು ಮಗ್ಗುಲು ಮಲಗಿ ಎದ್ದು ಹೊರಗೆ ಬಂದರೆ ಬಿಸಿಲು ಕೆಂಪಾಗಿತ್ತು. ಅಡುಗೆಮನೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಸ್ವಲ್ಪ ಹೊತ್ತಷ್ಟೇ. "ಈಗಲೇ ದೇವರಿಗೆ ದೀಪ ಹಚ್ಚುವುದಾ? ಇನ್ನೂ ಚಹಾ ಆಗಲಿಲ್ಲ." ಚಹಾದ ತೋಟದ ನಡುವೆ ಕೂತು ಚಹಾಕ್ಕೆ ತಡವಾಯಿತು ಎಂದು ಗೊಣಗುತ್ತಲೇ ದೀಪ ಹಚ್ಚಿದರು. ಆಸ್ಪತ್ರೆಯ ನರ್ಸಮ್ಮನ ಮನೆಗೆ ಹೋದಾಗ ಹಿತ್ತಾಳೆಯ ಬಟ್ಟಲಿನಲ್ಲಿ ತಾಮೂಲ್-ಪಾನ್ ಇಟ್ಟರು. ಅಸ್ಸಾಮಿನಲ್ಲಿ ಬಂದವರಿಗೆ ಮೊದಲ ಮರ್ಯಾದೆ ಅದೇ, ಅಡಿಕೆ ಮತ್ತು ವೀಳ್ಯದೆಲೆ. ಅಡಿಕೆ ಸುಲಿಯುತ್ತಲೇ ಬೆಳೆದ ಪುತ್ತೂರಿನ ಹೆಂಗಸಿಗೆ ತವರಿಗೆ ಬಂದಷ್ಟು ಸಂತೋಷ. ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾದದ್ದು, ಇದು ನಮ್ಮಲ್ಲಿಯ ಹಾಗೆ ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಚಾಲಿಯಲ್ಲ, ಹಸಿಯದ್ದು ಎಂದು. ಆ ಚಳಿಯಲ್ಲಿ ಹಣೆ ಬೆವರಿತು. ಬಿಟ್ಟರೇ? "ಒಳ್ಳೇದುಂಟು, ಆದರೆ ಗತ್ತು ಜಾಸ್ತಿ" ಎಂದು ನನಗೆ ಕನ್ನಡದಲ್ಲಿ ಹೇಳಿ ಇನ್ನೊಂದು ಹೋಳು ತೆಗೆದುಕೊಂಡರು.

ಅದೇ ವಾರ ಸಂಕಷ್ಟಿ ಬಂತು. ಮುಂಬಯಿಯಲ್ಲಿದ್ದು ಇದ್ದು ಅಮ್ಮ ಸಂಕಷ್ಟಿಯನ್ನು ಮರಾಠಿಯವರಷ್ಟೇ ಕಟ್ಟುನಿಟ್ಟಾಗಿ ಮಾಡುತ್ತಾರೆ. ಚಂದ್ರನನ್ನು ನೋಡದೆ ಊಟವಿಲ್ಲ. ಕ್ಯಾಲೆಂಡರಿನಲ್ಲಿ ಮುಂಬಯಿಯ ಚಂದ್ರೋದಯ ಎಂಟೂವರೆಯ ಸುಮಾರು ಎಂದಿತ್ತು. ಆ ಲೆಕ್ಕಕ್ಕೆ ಸರಿಯಾಗಿ ತಂಗಿ ಮೋದಕಕ್ಕೆ ಹಿಟ್ಟು ಕಲಸುವ ಯೋಚನೆಯಲ್ಲಿದ್ದಳು. ಏಳಕ್ಕೆ ಇನ್ನೂ ಹೊತ್ತಿತ್ತು, ಹುಡುಗ ಹೊರಗಿನಿಂದ ಓಡಿ ಬಂದು "ಅಮ್ಮಮ್ಮಾ, ಚಂದ್ರ ಬಂತು" ಎಂದು ಕೂಗಿದ. ಅಮ್ಮ ನಂಬಲಿಲ್ಲ. ಶಾಲು ಹೊದ್ದು ವರಾಂಡಕ್ಕೆ ಬಂದು ನೋಡಿದರೆ ತೋಟದ ನೆರಳುಮರಗಳ ಮೇಲೆ ನಿಜವಾಗಿಯೂ ಬಂದು ನಿಂತಿದೆ, ಚೌತಿಯ ಚಂದ್ರ, ಒಂದು ಬದಿ ಸ್ವಲ್ಪ ಸವೆದದ್ದು.

ಆಗ ಆ ಮನೆಯಲ್ಲಿ ಮೂರು ಸಮಯಗಳು ಎದುರುಬದುರಾದವು. ಹಾಲ್‌ನಲ್ಲಿ ಎಂಟಾಗುತ್ತಾ ಬಂದಿತ್ತು. ಅಡುಗೆಮನೆಯಲ್ಲಿ ಏಳಾಗುತ್ತಾ ಬಂದಿತ್ತು. ಕ್ಯಾಲೆಂಡರ್ ಎಂಟೂವರೆಯವರೆಗೆ ತಡೆ ಎನ್ನುತ್ತಿತ್ತು. ನಾನು ಫೋನಿನಲ್ಲಿ ಹುಡುಕಿ ಪೂರ್ವ-ಪಶ್ಚಿಮದ ವ್ಯತ್ಯಾಸ, ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ಈ ಚಂದ್ರ ಇನ್ನಷ್ಟು ಬೇಗ ಕಾಣುವುದು ಎಂದೆಲ್ಲ ವಿವರಿಸಲು ಹೊರಟೆ. ಅಮ್ಮ ಪೂರ್ತಿ ಕೇಳಲಿಲ್ಲ. "ಚಂದ್ರನೇ ಎದುರು ಬಂದು ನಿಂತ ಮೇಲೆ ಕ್ಯಾಲೆಂಡರನ್ನು ಎಂತಕ್ಕೆ ಕೇಳುವುದು? ಅರ್ಘ್ಯಕ್ಕೆ ನೀರು ತಾ." ಮೋದಕ ತಯಾರಿರಲಿಲ್ಲ, ಬೆಲ್ಲ-ತೆಂಗಿನಕಾಯಿ ನೈವೇದ್ಯ ಮಾಡಿ ಊಟಕ್ಕೆ ಕೂತರು. ಊಟವಾದ ಮೇಲೆ ಮುಲುಂಡಿನ ಪಕ್ಕದ ಮನೆಯ ಕಾಕುಗೆ ಫೋನ್ ಮಾಡಿ ತಮ್ಮ ಉಪವಾಸ ಮುಗಿಯಿತೆಂದು ಸಾರಿದರು. ಅಲ್ಲಿಯ ಚಂದ್ರನಿಗೆ ಇನ್ನೂ ಒಂದು ಗಂಟೆ ಬಾಕಿ. ಕಾಕು ಹಸಿವಿನಲ್ಲಿದ್ದರು. ಪರವೂರಿಗೆ ಹೋದ ಕೂಡಲೇ ವ್ರತ ಸಡಿಲಾಯಿತು ಎಂದು ಅವರಿಗೆ ಅನಿಸಿದ್ದು ಸ್ಪೀಕರ್‌ನಲ್ಲಿ ನಮಗೆಲ್ಲ ಕೇಳಿಸಿತು.

ಪಂಚಾಂಗದವರು ಒಂದೇ ಗಡಿಯಾರವನ್ನು ಎಂದೂ ನಂಬಿದವರಲ್ಲ ಎಂಬುದು ನನಗೆ ಆ ರಾತ್ರಿ ಹೊಳೆಯಿತು. ಅವರ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ, ಆಯಾ ಊರಿನಲ್ಲಿ. ಅಲ್ಲಿಂದ ಇಪ್ಪತ್ತನಾಲ್ಕು ನಿಮಿಷದ ಘಳಿಗೆಗಳು ಅರವತ್ತು. ರಾಹುಕಾಲ ಕೂಡ ಹಗಲಿನ ಉದ್ದವನ್ನು ಎಂಟು ಭಾಗ ಮಾಡಿ ಎಣಿಸುವಂಥದ್ದು. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ನಾವು ಬಾಯಿಪಾಠ ಮಾಡಿರುವುದು ಆರಕ್ಕೆ ಬೆಳಗಾಗಿ ಆರಕ್ಕೆ ಕತ್ತಲಾಗುವ ಊರಿನ ಲೆಕ್ಕ. ಕಾಲನಿರ್ಣಯ ಕೂಡ ಸಂಕಷ್ಟಿಯ ಚಂದ್ರೋದಯವನ್ನು ಬೇರೆ ಬೇರೆ ಊರಿಗೆ ಬೇರೆ ಬೇರೆಯಾಗಿ ಕೊಡುತ್ತದೆ. ಅಮ್ಮ ಓದಿದ್ದು ಮುಂಬಯಿಯ ಸಾಲು, ಅಷ್ಟೇ.

ನಮ್ಮ ಮೂವತ್ತೊಂಬತ್ತು ನಿಮಿಷ

ನನ್ನ ಆಫೀಸು ಫೋರ್ಟ್‌ನಲ್ಲಿ. ಮಧ್ಯಾಹ್ನ ಓವಲ್ ಮೈದಾನದ ಕಡೆ ನಡೆದರೆ ರಾಜಾಬಾಯಿ ಟವರ್ ಕಾಣುತ್ತದೆ. 1878ರಲ್ಲಿ ಕಟ್ಟಿ ಮುಗಿಸಿದ, ವಿಶ್ವವಿದ್ಯಾಲಯದ ಗಡಿಯಾರ ಗೋಪುರ. ದಿಬ್ರುಗಢದಿಂದ ಬಂದ ಮೇಲೆ ಅದನ್ನು ನೋಡಿದಾಗೆಲ್ಲ ನನಗೆ ನಗು. ಏಕೆಂದರೆ ತಮ್ಮದೇ ಸಮಯ ಬೇಕೆಂದು ಅಸ್ಸಾಮಿನವರು ಇವತ್ತು ಕೇಳುತ್ತಿರುವುದನ್ನು ಬಾಂಬೆಯವರು ನೂರಿಪ್ಪತ್ತು ವರ್ಷದ ಹಿಂದೆ ಕೇಳಿದ್ದರು, ಅದೂ ಕಲ್ಲು ಹೊಡೆದು.

ಬಾಂಬೆಗೆ ತನ್ನದೇ ಸಮಯವಿತ್ತು, ಗ್ರೀನ್‌ವಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ರೈಲಿನವರು ಮದ್ರಾಸ್ ಸಮಯ ಇಟ್ಟುಕೊಂಡಿದ್ದರು, ಅದು ಅರ್ಧ ಗಂಟೆ ಮುಂದೆ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಊರಿಗೆಲ್ಲ ಮದ್ರಾಸ್ ಸಮಯ ಹೇರಲು ಹೋದಾಗ ಊರು ಒಪ್ಪಲಿಲ್ಲ, 1883ರಲ್ಲಿ ಕೈಬಿಡಬೇಕಾಯಿತು. ಈ ಗೋಪುರವೂ ಆ ಜಗಳದಲ್ಲಿತ್ತು. ಗಡಿಯಾರ ಸರ್ಕಾರದ ಸಮಯ ತೋರಿಸದಿದ್ದರೆ ರಾತ್ರಿ ಅದರ ಮುಖಕ್ಕೆ ಬೆಳಕು ಹಾಕುವ ಖರ್ಚು ಕೊಡುವುದಿಲ್ಲ ಎಂದಿತು ಸರ್ಕಾರ. ವಿಶ್ವವಿದ್ಯಾಲಯದ ಸೆನೆಟ್ ಬಾಂಬೆ ಸಮಯಕ್ಕೇ ಮತ ಹಾಕಿತು. ಸರ್ಕಾರದ ದೊಡ್ಡ ಹಟವೊಂದು ದೀಪದ ಬಿಲ್ಲಿಗೆ ಇಳಿದು ಬಂದ ಈ ಪ್ರಸಂಗ ನನಗೆ ತುಂಬ ಇಷ್ಟ. ಎಷ್ಟಾದರೂ ನಾನು ಅಕೌಂಟ್ಸ್ ಸೆಕ್ಷನ್ನಿನವಳು.

1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಸಮಯ ಬಂದಾಗ ಬಾಂಬೆಯ ಗಡಿಯಾರ 39 ನಿಮಿಷ ಮುಂದಕ್ಕೆ ಜಿಗಿಯಬೇಕಾಯಿತು. ಕೇಳಲು ಸಣ್ಣದು. ಗಿರಣಿಯ ಕಾರ್ಮಿಕನಿಗೆ ಸಣ್ಣದಲ್ಲ: ಬೆಳಗಿನ ಸೀಟಿ ಅದೇ ಗಂಟೆಗೆ ಕೂಗುತ್ತದೆ, ಆದರೆ ಆ ಗಂಟೆ 39 ನಿಮಿಷ ಮೊದಲೇ, ಇನ್ನಷ್ಟು ಕತ್ತಲಲ್ಲಿ ಬರುತ್ತದೆ. ಅದೇ ತಿಂಗಳು ಸಾವಿರಾರು ಗಿರಣಿ ಕಾರ್ಮಿಕರು ಮಗ್ಗ ಬಿಟ್ಟು ಹೊರಬಂದು ಕಲ್ಲು ತೂರಿದರು. ಊರಿನ 15,000ಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಬಾಂಬೆ ಸಮಯ ಪೂರ್ತಿ ಕಣ್ಮರೆಯಾಗಲು 1955ರವರೆಗೆ ಬೇಕಾಯಿತು. ನಡುವೆ ಯುದ್ಧದ ಕಾಲದಲ್ಲಿ ಇನ್ನೊಂದು ವಿಚಿತ್ರ: 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಅಂದರೆ ಇಡೀ ಭಾರತ ಮೂರು ವರ್ಷ ತೋಟದ ಸಮಯದಲ್ಲೇ ಇತ್ತು. ಆ ಲೆಕ್ಕದಲ್ಲಿ ಜನವರಿಯ ಬಾಂಬೆಯಲ್ಲಿ ಸೂರ್ಯ ಹುಟ್ಟಿದ್ದು ಎಂಟು ದಾಟಿದ ಮೇಲೆ! ಇಂಥ ಊರು ಈಗ ತನ್ನ 39 ನಿಮಿಷವನ್ನು ಮರೆತು, ದಿಬ್ರುಗಢದವರು ಬೇಗ ಮಲಗುತ್ತಾರಲ್ಲ ಎಂದು ಆಶ್ಚರ್ಯಪಡುತ್ತದೆ.

ಎರಡು ವಲಯದ ಮಾತು

2014ರಲ್ಲಿ ಆಗಿನ ಮುಖ್ಯಮಂತ್ರಿ ತರುಣ್ ಗೊಗೊಯ್ ಅಸ್ಸಾಮಿಗೆ ತೋಟದ ಸಮಯವನ್ನೇ ಕೊಡುತ್ತೇವೆ ಎಂದಿದ್ದರು. ಆಗಲಿಲ್ಲ. 2017ರಲ್ಲಿ ಗುವಾಹಟಿ ಹೈಕೋರ್ಟ್ ಇಂಥದ್ದೇ ಒಂದು ಅರ್ಜಿಯನ್ನು ತಳ್ಳಿಹಾಕಿತು. ಮರುವರ್ಷ, ದೇಶದ ಗಡಿಯಾರವನ್ನು ಪರಮಾಣು ಗಡಿಯಾರಗಳಿಂದ ಕಾಯುವ ದಿಲ್ಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ವಿಜ್ಞಾನಿಗಳೇ ದೇಶಕ್ಕೆ ಎರಡು ಸಮಯ ವಲಯ ಸಾಧ್ಯ ಎಂದು 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಗಡಿ ಬಂಗಾಳ-ಅಸ್ಸಾಮಿನ ನಡುವೆ, ಅಲ್ಲಿ ನೆಲ ಎಷ್ಟು ಕಿರಿದೆಂದರೆ ರೈಲುಗಳು ಸಮಯ ಬದಲಿಸಿಕೊಳ್ಳುವ ಜಾಗಗಳೂ ಕೆಲವೇ. ಪೂರ್ವಕ್ಕೆ ಒಂದು ಗಂಟೆ ಮುಂದೆ.

ಒಂದೇ ದೇಶದಲ್ಲಿ ಎರಡು ಗಡಿಯಾರವಿದ್ದರೆ ಗೊಂದಲ ಎನ್ನುವವರಿಗೆ ನಾನು ತಂಗಿಯ ಮಗನನ್ನು ತೋರಿಸುತ್ತೇನೆ. ಹಾಗೆಂದು ಎರಡು ವಲಯವೇ ಪರಿಹಾರ ಎಂದೂ ನನಗೆ ಖಾತ್ರಿಯಿಲ್ಲ. ಕಚೇರಿ-ಶಾಲೆಗಳನ್ನು ಅಲ್ಲಿ ಎಂಟಕ್ಕೆ ತೆರೆದು ಮೂರಕ್ಕೆ ಮುಚ್ಚಿದರೆ ಸಾಲದೇ ಎಂದು ಕೇಳಿದ್ದೆ. ತಂಗಿ, "ಮುಚ್ಚಬಹುದು ಅಕ್ಕ, ಆದರೆ ನಾಲ್ಕು ಗಂಟೆಗೆ ದಿಲ್ಲಿಯಿಂದ ಫೋನ್ ಬಂದರೆ ಎತ್ತಬೇಕಲ್ಲ" ಎಂದಳು. ಅವಳ ಮಾತಿನಲ್ಲಿ ತೂಕವಿದೆ. ಬೇರೆ ಗಡಿಯಾರ ಇದ್ದರೆ ಕರೆ ಮಾಡುವವನೇ ಒಮ್ಮೆ ಎಣಿಸುತ್ತಾನೆ. ಕೆಲಸದ ಹೊತ್ತನ್ನು ಮಾತ್ರ ಬದಲಿಸಿದರೆ ಎಣಿಸುವ ಕೆಲಸ, ವಿವರಿಸುವ ಕೆಲಸ, ಕೊನೆಗೆ ಕ್ಷಮೆ ಕೇಳುವ ಕೆಲಸ ಎಲ್ಲ ಪೂರ್ವದವರದ್ದೇ. ಪಶ್ಚಿಮದವರು ಇದರಿಂದ ಪೂರ್ತಿ ಪಾರಾಗಿದ್ದೇವೆ ಎಂದೇನಲ್ಲ. ಸೂರ್ಯ ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಅರ್ಧ ಗಂಟೆ ಕಡಿಮೆಯಾಗುತ್ತದೆ ಎಂದು ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಅಂಕಿಅಂಶಗಳಿಂದಲೇ ತೋರಿಸಿದ್ದಾರೆ. ಕತ್ತಲಾಗದೆ ಮಕ್ಕಳು ಮಲಗುವುದಿಲ್ಲ, ಆದರೆ ಶಾಲೆಯ ಗಂಟೆ ಎಲ್ಲ ಕಡೆ ಒಂದೇ ಹೊತ್ತಿಗೆ. ರಾತ್ರಿ ಹನ್ನೊಂದಕ್ಕೆ ನಮ್ಮ ಸೊಸೈಟಿಯ ಅಂಗಳದಲ್ಲಿ ಚೆಂಡಾಡುವ ಮಕ್ಕಳನ್ನು ನೋಡಿದರೆ ನಂಬದಿರಲು ಕಾರಣವಿಲ್ಲ.

2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕರಡು ನಿಯಮಗಳನ್ನು ಹೊರಡಿಸಿತು: ಸರ್ಕಾರಿ ಕೆಲಸ, ವ್ಯಾಪಾರ, ಕಾನೂನು ಎಲ್ಲದಕ್ಕೂ ಭಾರತೀಯ ಪ್ರಮಾಣ ಸಮಯವೊಂದೇ, ಬೇರೆ ಯಾವುದನ್ನೂ ಬಳಸುವಂತಿಲ್ಲ. ಖಗೋಳಶಾಸ್ತ್ರ, ನೌಕಾಯಾನಗಳಂಥವಕ್ಕೆ ಮಾತ್ರ ವಿನಾಯಿತಿ. ಸುದ್ದಿಯನ್ನು ತಂಗಿಗೆ ಕಳಿಸಿ, ನಿಮ್ಮ ಹಾಲ್‌ನ ಗಡಿಯಾರದ ಗತಿಯೇನು ಎಂದು ಕೇಳಿದೆ. ಬೆಳಿಗ್ಗೆ ನಾಲ್ಕೂಮುಕ್ಕಾಲಕ್ಕೆ, ನಾನಿನ್ನೂ ಮೊದಲ ನಿದ್ದೆಯಲ್ಲಿರುವಾಗ, ಉತ್ತರ ಬಂದು ಬಿದ್ದಿತ್ತು: "ತೋಟದಲ್ಲಿ ಗಂಟೆ ಹೊಡೆಯುವವನಿಗೆ ಓದಿ ಹೇಳಿದೆ. ಆಗಲಿ ಬಾಯ್ದೇವ್ (ಅಕ್ಕ), ದಿಲ್ಲಿಯವರೇ ಬಂದು ಅವರ ಟೈಮಿಗೆ ಎಲೆ ಕೊಯ್ಯಲಿ, ನಾನೂ ಅಷ್ಟು ಹೊತ್ತು ಮಲಗ್ತೇನೆ ಅಂದ."